ಬಾಯಿ ಬಿಟ್ಟು ಹೇಳದ ಮಾತು

ಸೊಸೆ ಮುಖ ಓರೆ ಮಾಡಿಕೊಂಡು ಚಹಾ ಕೊಡುತ್ತಾಳೆ ಅನ್ನುವುದು ಇನೋಬತ್‌ಳ ಕಣ್ಣಿಗೆ ಬಿದ್ದು ಬಹಳ ಕಾಲವಾಗಿತ್ತು. ಶಹಸನಮ್ ಬಟ್ಟಲಿಗೆ ಚಹಾ ಬಗ್ಗಿಸುವಳು, ಎಡಗೈ ಎದೆಯ ಮೇಲಿಟ್ಟು ಬಲಗೈಯಲ್ಲಿ ಬಟ್ಟಲು ಚಾಚುವಳು, ಎಲ್ಲ ಕ್ರಮವಾಗಿಯೇ. ಆದರೆ ಅತ್ತೆ ಬಾಯಿ ತೆರೆದಳೋ ಇಲ್ಲವೋ, ಅವಳ ಕತ್ತು ಅತ್ತ ಹೊರಳುತ್ತಿತ್ತು. ದ್ರಾಕ್ಷಿ ಚಪ್ಪರದ ಕಡೆಗೋ, ಅಂಗಳದ ಮೂಲೆಯ ತಂದೂರಿನ ಕಡೆಗೋ, ಅಲ್ಲಿ ಯಾರೋ ಕರೆದ ಹಾಗೆ.

"ಅಲ್ಲೇನಿದೆ?" ಎಂದಳು ಇನೋಬತ್ ಒಂದು ಬೆಳಿಗ್ಗೆ.

"ಎಲ್ಲಿ ಅತ್ತೆಮ್ಮ?"

"ನೀನು ನೋಡ್ತಾ ಇರೋ ಕಡೆ. ನಾನು ಕೂತಿರೋದು ಇಲ್ಲಿ."

"ಕೋಳಿ ಹಿಟ್ಟಿಗೆ ಬಾಯಿ ಹಾಕ್ತೇನೋ ಅಂತ..."

ಇನೋಬತ್‌ಳ ಗಂಡ ಹೋಷಿಮ್ ರೊಟ್ಟಿ ಮುರಿದು ಎಲ್ಲರ ಮುಂದೆ ಇಡುತ್ತಿದ್ದ. ಮಗ ಶುಹ್ರತ್ ತನ್ನ ತುಂಡಿಗೆ ಕೆನೆ ಸವರುತ್ತಿದ್ದ. ಇಬ್ಬರೂ ತಲೆಯೆತ್ತಲಿಲ್ಲ.

ಮರ್ಗಿಲಾನ್ ಊರಿನ ಆ ಮೊಹಲ್ಲಾದಲ್ಲಿ ಇನೋಬತ್‌ಗೆ ಒಂದು ಸ್ಥಾನವಿತ್ತು. ಅವಳು ಓತಿನ್, ಹೆಂಗಸರ ಕೂಟಗಳಲ್ಲಿ ದುವಾ ಓದುವವಳು. ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ, ಹೊಸ ಮದುಮಗಳು ಹೊಸಿಲು ದಾಟುವಾಗ, ಸಾವಿನ ಮನೆಯಲ್ಲಿ ಹೆಂಗಸರು ಸೇರಿದಾಗ ಅವಳನ್ನು ಕರೆಸುತ್ತಿದ್ದರು. ಜ್ವರ ಬಂದ ಮಕ್ಕಳನ್ನು, ದೃಷ್ಟಿ ತಾಗಿದ ಬಾಣಂತಿಯರನ್ನು ಅವಳ ಮುಂದೆ ತಂದು ಕೂರಿಸುತ್ತಿದ್ದರು. ಅವಳು ಮುಖಕ್ಕೆ ಮುಖ ಹತ್ತಿರ ತಂದು ಪಿಸುಗುಟ್ಟುತ್ತ ಓದಿ, ಕೊನೆಗೆ ಹಣೆಯ ಮೇಲೆ ಮೆಲ್ಲಗೆ ಊದುತ್ತಿದ್ದಳು. ಅವಳ ತಾಯಿಯೂ ಹೀಗೇ ಊದುತ್ತಿದ್ದಳಂತೆ. ನಕ್ಕರೆ ಬಾಯಿತುಂಬ ಚಿನ್ನ. ಮದುವೆಯ ವರ್ಷ ಕಟ್ಟಿಸಿದ ಹಲ್ಲುಗಳು, ಆಗಿನ ಕಾಲಕ್ಕೆ ಅದೇ ದೊಡ್ಡಸ್ತಿಕೆ.

ಏಪ್ರಿಕಾಟ್ ಹಣ್ಣಾಗುವ ಹೊತ್ತಿಗೆ ಅಂದಿಜಾನ್‌ನಿಂದ ಹೋಷಿಮ್‌ನ ಅಕ್ಕ ತನ್ನ ಸೊಸೆಯಂದಿರನ್ನು ಕಟ್ಟಿಕೊಂಡು ಬಂದಳು. ಚಪ್ಪರದ ಕೆಳಗಿನ ಅಗಲ ಮಂಚದ ಮೇಲೆ ಬಟ್ಟೆ ಹಾಸಿ, ನಡುವೆ ಪಲಾವಿನ ದೊಡ್ಡ ತಟ್ಟೆ ಇಟ್ಟಿದ್ದರು. ಮಾಂಸದ ತುಂಡುಗಳೆಲ್ಲ ಮನೆಯವರ ಕಡೆಗೇ ಬಿದ್ದಿರುವುದನ್ನು ಕಂಡ ಇನೋಬತ್, ಚಹಾ ತಂದ ಸೊಸೆಯ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. "ತಟ್ಟೆ ಆ ಕಡೆ ತಿರುಗಿಸೇ," ಎಂದು ಅವಳ ಮುಖದ ಹತ್ತಿರ ಪಿಸುಗುಟ್ಟಿದಳು.

ಶಹಸನಮ್ ಬೆಚ್ಚಿದವಳಂತೆ ಹಿಂದಕ್ಕೆ ಸರಿದಳು. ಅವಳ ಕೈ ತಾನಾಗಿ ಮೂಗಿಗೆ ಹೋಯಿತು. ಇನ್ನೊಂದು ಕೈಯಲ್ಲಿದ್ದ ಕೆಟಲ್ ಓರೆಯಾಗಿ ಚಹಾ ಹೋಷಿಮ್‌ನ ಅಕ್ಕನ ರೇಷ್ಮೆ ಅಂಗಿಯ ಮೇಲೆಲ್ಲ ಚೆಲ್ಲಿತು.

ಅತಿಥಿಗಳು ಗೇಟು ದಾಟುವವರೆಗೆ ಇನೋಬತ್ ನಗುತ್ತಲೇ ಇದ್ದಳು. ಗೇಟು ಮುಚ್ಚಿತು. ಅವಳು ತಿರುಗಿದಳು.

"ನಾನೇನು ಹಾವಾ? ಚೇಳಾ? ಹತ್ತಿರ ಬಂದ್ರೆ ಹಾರ್ತೀಯಲ್ಲ!"

"ತಪ್ಪಾಯ್ತು ಅತ್ತೆಮ್ಮ. ಕೈ ಜಾರ್ತು."

"ಕೈ ಜಾರಲಿಲ್ಲ, ಮೂತಿ ಸಿಂಡರಿಸಿದೆ. ನಾನು ನೋಡಿದೆ, ಅತ್ತಿಗೆ ನೋಡಿದ್ರು, ಅವರ ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಈ ಮನೆಗೆ ಬಂದಾಗಿನಿಂದ ನಿಂದು ಇದೇ ಕತೆ. ನಾನು ಕುಡಿದ ಬಟ್ಟಲಲ್ಲಿ ಕುಡಿಯಲ್ಲ. ಮಗೂಗೆ ಊದೋಕೆ ಹೋದ್ರೆ ಮಗೂನ ಎತ್ಕೊಂಡು ಹೋಗ್ತೀಯ. ನಾನು ಯಾರು ಅಂದ್ಕೊಂಡಿದ್ದೀಯ? ನನ್ನ ಒಂದು ಉಸಿರಿಗೆ ಈ ಮೊಹಲ್ಲಾದ ಜನ ಬಾಗಿಲಲ್ಲಿ ಕಾಯ್ತಾರೆ!"

ಶಹಸನಮ್ ಗಂಡನ ಕಡೆ ನೋಡಿದಳು. ಶುಹ್ರತ್ ತನ್ನ ಚಪ್ಪಲಿ ನೋಡುತ್ತಿದ್ದ.

"ಹೇಳು, ಅಮ್ಮ ಕೇಳ್ತಿದ್ದಾರಲ್ಲ," ಎಂದ.

"ಏನು ಹೇಳಲಿ?"

"ಏನಾದ್ರೂ ಹೇಳು."

"ನೀವೇ ಹೇಳಿ," ಎಂದಳು ಅವಳು, ಬಹಳ ಮೆಲ್ಲಗೆ.

ಶುಹ್ರತ್‌ನ ಕಿವಿಗಳೆರಡೂ ಕೆಂಪಾದವು. "ಬಾಯಿ ಮುಚ್ಚು! ಸ್ವಲ್ಪ ದಿನ ಅಪ್ಪನ ಮನೇಲಿದ್ದು ಬುದ್ಧಿ ಕಲ್ತು ಬಾ."

"ಬಿಡ್ರೋ, ಒಂದು ಕೆಟಲ್ ಚಹಾ ಚೆಲ್ಲಿದ್ದಕ್ಕೆ..." ಎಂದು ಹೋಷಿಮ್ ಗೊಣಗಿದ. ಯಾರೂ ಅವನ ಕಡೆ ತಿರುಗಲಿಲ್ಲವಾದ್ದರಿಂದ ಟೋಪಿ ಸರಿಮಾಡಿಕೊಂಡು ಚಹಾದಂಗಡಿಗೆ ಹೊರಟುಹೋದ. ಸಂಜೆಯೊಳಗೆ ಶಹಸನಮ್ ಮಗಳನ್ನು ಎತ್ತಿಕೊಂಡು ರಿಶ್ತಾನ್‌ಗೆ, ತವರಿಗೆ ಹೋದಳು.

ಮೊದಲ ವಾರ ಇನೋಬತ್‌ಗೆ ಗೆದ್ದ ಹುಮ್ಮಸ್ಸಿತ್ತು. ತಾನೇ ಹಿಟ್ಟು ನಾದಿದಳು, ತಾನೇ ತಂದೂರಿಗೆ ಬಗ್ಗಿ ರೊಟ್ಟಿ ಬಡಿದಳು. ಎರಡನೆಯ ವಾರಕ್ಕೆ ಸೊಂಟ ಹಿಡಿಯಿತು. ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಬರುತ್ತಿತ್ತು. ಶುಹ್ರತ್ ತನ್ನ ಗಾಡಿ ಬಿಡಿಭಾಗಗಳ ಅಂಗಡಿಯಿಂದ ಬಂದವನು ಮಗಳ ಸಣ್ಣ ಮೆಟ್ಟುಗಳನ್ನು ಒಂದು ಗಳಿಗೆ ನೋಡಿ, ಉಂಡು ಕೋಣೆ ಸೇರುತ್ತಿದ್ದ.

"ಫೋನು ಮಾಡಿದ್ಲಾ?" ಎಂದು ಇನೋಬತ್ ಕೇಳುವಳು.

"ಇಲ್ಲ."

"ಕೊಬ್ಬು."

ದುವಾ ಓದಲು ಇನೋಬತ್‌ಗೆ ಬರುತ್ತಿದ್ದ ಕರೆಗಳೂ ಕಡಿಮೆಯಾಗಿದ್ದವು. ಅದು ಒಂದೇ ಸಲ ಆದದ್ದಲ್ಲ, ಮನೆಯ ಗದ್ದಲದಲ್ಲಿ ಅವಳು ಗಮನಿಸಿರಲಿಲ್ಲ ಅಷ್ಟೆ. ಒಂದು ಬುಧವಾರ ಬೀದಿಯಲ್ಲಿ ಹೋಗುತ್ತಿದ್ದಾಗ ಕರೋಮತ್‌ಳ ಮನೆಯಿಂದ ದುವಾ ಓದುವ ದನಿ ಕೇಳಿಸಿತು. ಕರೋಮತ್ ಅವಳ ಬಾಲ್ಯದ ಗೆಳತಿ. ಆ ಮನೆಯಲ್ಲಿ ಕೂಸಿನ ತೊಟ್ಟಿಲ ಶಾಸ್ತ್ರ, ಆದರೆ ಓದುತ್ತಿದ್ದವಳು ಮೇಲಿನ ಮೊಹಲ್ಲಾದ ಎಳೆಯ ಓತಿನ್. ತನಗೆ ಹೇಳಿ ಕಳಿಸುವುದು ಮರೆತಿರಬೇಕೆಂದು ಇನೋಬತ್ ಗೇಟು ತಳ್ಳಿದಳು.

ಕರೋಮತ್ ಓಡಿಬಂದು ಗೇಟಿನಲ್ಲೇ ಅಡ್ಡ ನಿಂತಳು. "ಅಯ್ಯೋ, ಬಂದ್ಯಾ... ಕೂಸಿಗೆ ನೆಗಡಿ ಕಣೇ, ಯಾರನ್ನೂ ಹತ್ತಿರ ಬಿಡ್ತಾ ಇಲ್ಲ."

"ಒಳಗೆ ಇಡೀ ಮೊಹಲ್ಲಾ ಕೂತಿದೆ."

"ಸೊಸೆ ಹಠ ಹಿಡಿದ್ಲು. ಈಗಿನ ಹುಡುಗೀರು ನಿಂಗೊತ್ತಲ್ಲ. ತಡಿ, ಒಂದು ಗಂಟು ಸಿಹಿ ಕೊಡ್ತೀನಿ, ತಗೊಂಡು ಹೋಗು." ಹೇಳುತ್ತ ಹೇಳುತ್ತ ಕರೋಮತ್ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಎಳೆದುಕೊಂಡಳು.

ಸಿಹಿಯ ಗಂಟು ಹಿಡಿದು ಬೀದಿಯಲ್ಲಿ ಬರುವಾಗ ಇನೋಬತ್‌ಗೆ ಎಲ್ಲ ಸ್ಪಷ್ಟವಾದಂತೆ ಕಂಡಿತು. ಇದು ಶಹಸನಮ್‌ಳದೇ ಕೆಲಸ. ಹೋಗುವ ಮುಂಚೆ ಮನೆಮನೆ ತಿರುಗಿ ಏನೋ ಚಾಡಿ ಹಚ್ಚಿಹೋಗಿದ್ದಾಳೆ. ಮಾರನೆಯ ದಿನವೇ ಯಾರಿಗೂ ಹೇಳದೆ ಒಬ್ಬಳೇ ಬಾಡಿಗೆ ಕಾರು ಹತ್ತಿ ರಿಶ್ತಾನ್‌ಗೆ ಹೊರಟಳು.

ಬೀಗಿತ್ತಿ ಹೌಹಾರಿ ಎದ್ದುಬಂದು ಬಾಗಿಲಿಗೆ ದೂರದ ಗೌರವದ ಜಾಗದಲ್ಲಿ ಹಾಸಿಗೆ ಹಾಕಿ ಕೂರಿಸಿದಳು. ಬೀಗರು, ಪಿಂಗಾಣಿ ತಟ್ಟೆಗಳಿಗೆ ಬಣ್ಣ ಬರೆಯುವವರು, ಕೈಯಲ್ಲಿದ್ದ ನೀಲಿ ಬಣ್ಣ ತೊಳೆದುಕೊಂಡು ಬಂದು ಮಂಡಿಯೂರಿ ಕೂತರು. ಶಹಸನಮ್ ತಲೆ ತಗ್ಗಿಸಿ ಬಂದು ಚಹಾ ಬಗ್ಗಿಸಿದಳು. ತುಂಬ ಇಳಿದುಹೋಗಿದ್ದಳು.

"ನಿಮ್ಮ ಮುಖ ನೋಡೋಕೆ ನಮಗೆ ನಾಚಿಕೆ," ಎಂದಳು ಬೀಗಿತ್ತಿ. "ಏನು ಮಾಡಿದೆ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ತಾ ಇಲ್ಲ. ತಪ್ಪು ನಂದೇ ಅಂತಾಳೆ, ಅಷ್ಟೇ. ಅವರಪ್ಪ ಮಾತು ಬಿಟ್ಟಿದ್ದಾರೆ."

ಇನೋಬತ್ ಗಂಟಲು ಸರಿಮಾಡಿಕೊಂಡಳು. ಸೊಸೆ ಎಂದರೆ ಹೇಗಿರಬೇಕು, ಹಿರಿಯರ ಮುಂದೆ ಮುಖ ಹೇಗಿಟ್ಟುಕೊಳ್ಳಬೇಕು, ತಾಯಿಯಾದವಳು ಏನು ಕಲಿಸಿ ಕಳಿಸಬೇಕು, ಎಲ್ಲ ಹೇಳಿದಳು. ಕೂಟಗಳಲ್ಲಿ ಮಾತಾಡಿ ಪಳಗಿದ ನಾಲಿಗೆ, ನಿಲ್ಲಲಿಲ್ಲ. ಬೀಗಿತ್ತಿ ಕಣ್ಣೊರೆಸಿಕೊಳ್ಳುತ್ತ ಕೇಳಿಸಿಕೊಂಡಳು. ಮೂಲೆಯಲ್ಲಿ ದಿಂಬಿಗೊರಗಿ ಕೂತಿದ್ದ ಶಹಸನಮ್‌ಳ ಅಜ್ಜಿ, ಕಣ್ಣು ಮಂಜಾದ, ಕಿವಿ ಮಂದವಾದ ಮುದುಕಿ, "ಯಾರು ಬಂದಿರೋದು?" ಎಂದು ನಡುನಡುವೆ ಕೇಳುತ್ತಿದ್ದಳು.

"ಶಹಸನಮ್‌ಳ ಅತ್ತೆ, ಓತಿನ್!" ಎಂದು ಬೀಗಿತ್ತಿ ಕೂಗಿ ಹೇಳಿದಳು.

"ಓತಿನ್ ಆ? ಹಾಗಾದ್ರೆ ನಂಗೊಂದು ಊದಿ ಹೋಗಮ್ಮ. ಮಂಡಿ ನೋವು ಪ್ರಾಣ ತಿಂತಿದೆ."

ಶಹಸನಮ್ ಚಟ್ಟನೆ ತಲೆಯೆತ್ತಿದಳು. "ಅಜ್ಜೀ, ಈಗ ಬೇಡ. ಅತ್ತೆಮ್ಮ ದಣಿದು ಬಂದಿದ್ದಾರೆ."

"ಇದಕ್ಕೂ ಅಡ್ಡ ಬರ್ತೀಯಾ?" ಎಂದು ಇನೋಬತ್ ಎದ್ದುಹೋಗಿ ಮುದುಕಿಯ ಮುಂದೆ ಕೂತಳು. ಮುಖ ಹತ್ತಿರ ತಂದು ಓದತೊಡಗಿದಳು. ಮುದುಕಿ ಎರಡು ಉಸಿರು ತಡೆದಳು, ಮೂರನೆಯದಕ್ಕೆ ಕೈ ಅಡ್ಡ ಹಿಡಿದು ಮುಖ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯಯ್ಯೋ ತಾಯಿ! ನಿನ್ನ ಬಾಯೊಳಗೆ ಏನೋ ಸತ್ತು ಕೊಳೀತಾ ಇದೆ ಕಣಮ್ಮ! ಡಾಕ್ಟರಿಗೆ ತೋರಿಸಬಾರದಾ?"

ಕಿವುಡರು ಮಾತಾಡುವ ದನಿಯಲ್ಲಿ ಹೇಳಿದ್ದು, ಅಂಗಳದವರೆಗೂ ಕೇಳಿಸಿತು. ಬೀಗರು ತಮ್ಮ ಬಟ್ಟಲನ್ನು ದಿಟ್ಟಿಸಿದರು. ಬೀಗಿತ್ತಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಅಜ್ಜಿಗೆ ಮೂಗು ಸರಿಯಿಲ್ಲ!" ಎಂದಳು ಶಹಸನಮ್, ಅವಸರ ಅವಸರವಾಗಿ. "ಅತ್ತೆಮ್ಮ, ಮನಸ್ಸಿಗೆ ಹಚ್ಕೋಬೇಡಿ. ಮೊನ್ನೆ ಕರಬೂಜ ಹಣ್ಣಿಗೂ ನಾತ ಅಂದ್ರು. ಅಜ್ಜಿಗೆ ಮೂಗು ಸರಿಯಿಲ್ಲ."

ಅವಳ ಮುಖ ಹೆದರಿ ಬೆಳ್ಳಗಾಗಿತ್ತು. ಮುದುಕಿಯ ಮಾತಿಗಿಂತ ಹೆಚ್ಚಾಗಿ ಆ ಮುಖವೇ ಇನೋಬತ್‌ಗೆ ಎಲ್ಲವನ್ನೂ ಹೇಳಿತು. ಈ ಹುಡುಗಿ ಊರೆಲ್ಲ ಸಾರುವುದಿರಲಿ, ಹೆತ್ತ ತಾಯಿಗೂ ಹೇಳಿರಲಿಲ್ಲ. ಅಪ್ಪ ಮಾತು ಬಿಟ್ಟರೂ ಹೇಳಿರಲಿಲ್ಲ.

ಇನೋಬತ್ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಎದ್ದಳು. ಮೆಟ್ಟಿಗೆ ಕಾಲು ಸರಿಯಾಗಿ ತೂರಲಿಲ್ಲ. ಯಾರೂ ತಡೆಯಲಿಲ್ಲ.

ದಾರಿಯುದ್ದಕ್ಕೂ ಕಾರಿನ ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಡ್ರೈವರ್ ಏನೋ ಕೇಳಿದ, ತಲೆಯಾಡಿಸಿದಳು. ತಿರುಗಿದ ಮುಖಗಳು ಒಂದೊಂದಾಗಿ ನೆನಪಾದವು. ಕರೋಮತ್‌ಳದು, ಅಂಗಡಿಯವಳದು, ಅಳುತ್ತ ಕೊಸರಾಡುತ್ತಿದ್ದ ಮಕ್ಕಳದು. ಹಿಂದಿನ ಬೀದಿಯ ಹಲೀಮಾ ಸಾಯುವ ದಿನ ತಾನು ಅವಳ ಮುಖದ ಮೇಲೆ ಬಾಗಿ ಬಹಳ ಹೊತ್ತು ಓದಿದ್ದಳು. ಹಲೀಮಾ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು. "ಪುಣ್ಯವಂತೆ, ಕಿಬ್ಲಾ ಕಡೆ, ನಮಾಜಿನ ದಿಕ್ಕಿಗೆ ತಿರುಗಿದಳು," ಎಂದು ತಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಅದು ನೆನಪಾದಾಗ ಇನೋಬತ್‌ಗೆ ಕಾರು ನಿಲ್ಲಿಸಿ ಹೊಲದಲ್ಲಿಳಿದು ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು.

ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡಳು. ಅಂಗೈ ಬಟ್ಟಲು ಮಾಡಿ ಊದಿ ಮೂಸಿದಳು, ಏನೂ ತಿಳಿಯಲಿಲ್ಲ. ಹೊಲಿಗೆಯ ದಾರ ತಂದು ಹಿಂದಿನ ಚಿನ್ನದ ಹಲ್ಲುಗಳ ಸಂದಿಯಲ್ಲಿ ಎಳೆದು ಮೂಸಿದಳು. ಆ ನಾತಕ್ಕೆ ದಾರ ಎಸೆದು, ಎರಡೆರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡಳು.

ಹೋಷಿಮ್ ಅಂಗಳದಲ್ಲಿ ಬದನೆ ಗಿಡಗಳಿಗೆ ನೀರು ಬಿಡುತ್ತಿದ್ದ. ಅವಳು ದೂರದಲ್ಲೇ ನಿಂತು ಕೇಳಿದಳು.

"ನನ್ನ ಬಾಯಿ ನಾರುತ್ತಾ?"

ಅವನು ಸಲಿಕೆ ಊರಿ ನಿಂತ. "ಯಾರಂದ್ರು?"

"ನಾರುತ್ತಾ ಇಲ್ವಾ, ಅಷ್ಟು ಹೇಳಿ."

"ವಯಸ್ಸಾದ ಮೇಲೆ ಎಲ್ಲರದ್ದೂ ಸ್ವಲ್ಪ..."

"ನಿಮಗೆ ಯಾವಾಗಿಂದ ಗೊತ್ತು?"

ಹೋಷಿಮ್ ನೀರು ಇನ್ನೊಂದು ಸಾಲಿಗೆ ತಿರುಗಿಸಿದ. "ಬಿಡೇ ಅದನ್ನ."

"ನೀವು ಗೋಡೆ ಕಡೆ ಮುಖ ಮಾಡಿ ಮಲಗೋದು ಬೆನ್ನು ನೋವಿಗೆ ಅಂದಿದ್ರಿ."

"ಬೆನ್ನೂ ನೋಯುತ್ತೆ," ಎಂದ ಅವನು.

"ಒಂದು ಮಾತು ಹೇಳಬಾರದಿತ್ತಾ? ನಾನು ಊರ ಮುಖದ ಮೇಲೆಲ್ಲ ಊದ್ಕೊಂಡು ಬಂದ್ನಲ್ಲಾ!"

"ಹೇಗೆ ಹೇಳ್ಲಿ? ನೀನು ಓತಿನ್. ನಿನ್ನ ಉಸಿರಿಗೆ ಜನ ಬರ್ತಾರೆ ಅಂತ ನೀನೇ ಹೇಳ್ತೀಯ. ನಿನ್ನ ಮನಸ್ಸು ನೋಯುತ್ತೆ ಅಂತ..."

ಸಂಜೆ ಶುಹ್ರತ್ ಬಂದಾಗ ಅವಳು ಅಡುಗೆ ಮಾಡಿರಲಿಲ್ಲ. ಅವನನ್ನು ಕೂರಿಸಿ, ತಾನು ಮಂಚದ ಆ ತುದಿಯಲ್ಲಿ ಕೂತು, ಬಾಯಿಗೆ ಬಟ್ಟೆ ಅಡ್ಡ ಹಿಡಿದು ಅದೇ ಪ್ರಶ್ನೆ ಕೇಳಿದಳು. ಅವನ ಕಿವಿ ಕೆಂಪಾದವು.

"ಅವತ್ತು ಅವಳು 'ನೀವೇ ಹೇಳಿ' ಅಂದಿದ್ದು ಇದನ್ನೇನಾ?"

"ಹೂಂ."

"ಗೊತ್ತಿದ್ದೂ ಹೆಂಡ್ತೀನ ಮನೆಯಿಂದ ಕಳಿಸಿದ್ಯಾ?"

"ನಿಮಗೆ ಅವಮಾನ ಆಗಬಾರದು ಅಂತ ಅಮ್ಮಾ."

"ನಂಗೆ ಆಗಬೇಕಾದ್ದನ್ನ ಅವಳ ತಲೆಗೆ ಕಟ್ಟಿದೆ." ಇನ್ನೂ ಬೈಯಬೇಕೆಂದಿತ್ತು. ಆದರೆ ಬೈದರೆ ಬಾಯಿ ತೆರೆಯಬೇಕು. ಎದ್ದು ಒಳಗೆ ಹೋದಳು.

ಆಮೇಲಿನ ವಾರ ಅವಳು ಯಾರಿಗೂ ಮುಖ ತೋರಿಸಲಿಲ್ಲ. ಲವಂಗ ಅಗಿದಳು, ಕೊತ್ತಂಬರಿ ಅಗಿದಳು, ಉಪ್ಪುನೀರು ಮುಕ್ಕಳಿಸಿದಳು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟಳು, ಮಾಂಸ ಬಿಟ್ಟಳು, ಕೊನೆಗೆ ಬರೀ ರೊಟ್ಟಿ ಮೊಸರಿಗೆ ಇಳಿದಳು. ದಾರ ಎಳೆದರೆ ಅದೇ ನಾತ. ಹೊಟ್ಟೆಯಲ್ಲೇ ಏನೋ ಕೆಟ್ಟಿದೆ ಎಂದು ಆಸ್ಪತ್ರೆಗೆ ಹೋದಳು. ಹೊಟ್ಟೆಯ ಡಾಕ್ಟರು ಒತ್ತಿ ನೋಡಿ, "ಹೊಟ್ಟೆ ಚೆನ್ನಾಗಿದೆ. ಮೊದಲು ಹಲ್ಲಿನವರ ಹತ್ತಿರ ಹೋಗಿ," ಎಂದು ಕಳಿಸಿಬಿಟ್ಟರು.

ಹಲ್ಲಿನ ಡಾಕ್ಟರು ದಪ್ಪಗಿನ ನಡುವಯಸ್ಸಿನ ಹೆಂಗಸು. ಅವಳ ಮುಖಕ್ಕೆ ಮಾಸ್ಕ್ ಇರುವುದು ಕಂಡು ಇನೋಬತ್‌ಗೆ ಅಷ್ಟರಮಟ್ಟಿಗೆ ಸಮಾಧಾನವಾಯಿತು. ಆದರೂ ತುಟಿ ಬಿಚ್ಚಲಾಗಲಿಲ್ಲ.

"ಇನ್ನೂ ತೆಗೀರಿ ಅಮ್ಮ. ನಾನು ದಿನಾ ನೋಡೋದು ಇದನ್ನೇ. ಒಸಡಲ್ಲಿ ರಕ್ತ ಬರುತ್ತಾ?"

"ಉಜ್ಜಿದ್ರೆ ಬರುತ್ತೆ. ಅದಕ್ಕೇ ಆ ಕಡೆ ಉಜ್ಜೋದು ಬಿಟ್ಟೆ."

"ಅಲ್ಲೇ ಕೆಟ್ಟಿದ್ದು." ಡಾಕ್ಟರು ಸಣ್ಣ ಕೊಕ್ಕೆಯಿಂದ ತಟ್ಟಿ ತೋರಿಸಿದಳು. "ಈ ಚಿನ್ನದ ಕವಚ ಒಸಡಿಗೆ ಸರಿಯಾಗಿ ಕೂತಿಲ್ಲ. ತಿಂದಿದ್ದು ಸಂದಿಗೆ ಸೇರಿ ಒಳಗಿನ ಹಲ್ಲು ಕೊಳೆತಿದೆ. ಒಸಡು ಹಲ್ಲನ್ನ ಬಿಟ್ಟು ಜೇಬಿನ ಹಾಗಾಗಿದೆ, ಅದರಲ್ಲಿ ಕೀವು. ನಾಲಿಗೆ ಮೇಲೆ ದಪ್ಪ ಪದರ ಕಟ್ಟಿದೆ. ರಕ್ತದೊತ್ತಡದ ಮಾತ್ರೆ ತಗೋತೀರಾ? ಹಾಂ, ಅದು ಬಾಯಿ ಒಣಗಿಸಬಹುದು. ಬಾಯಿ ಒಣಗಿದಷ್ಟೂ ವಾಸನೆ ಜಾಸ್ತಿ. ಮುಂಚೆ ಯಾರೂ ನಿಮಗೆ ಹೇಳಲಿಲ್ವಾ?"

ಇನೋಬತ್‌ಳ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. "ನೋಯ್ತಾ?" ಎಂದಳು ಡಾಕ್ಟರು. ಅವಳು ಹೌದೆಂದು ತಲೆಯಾಡಿಸಿದಳು.

ಕವಚಗಳನ್ನು ಕತ್ತರಿಸಿ ತೆಗೆದರು. ಅವುಗಳಡಿಯಲ್ಲಿ ಹಲ್ಲೆಂಬುದು ಕಪ್ಪು ಮೊಂಡಾಗಿತ್ತು. ಕೆಲವನ್ನು ಕಿತ್ತರು, ಕೆಲವನ್ನು ಉಳಿಸಿ ತುಂಬಿದರು. ಮತ್ತೆ ಮತ್ತೆ ಕರೆಸಿ ಒಸಡಿನ ಒಳಗಿಂದ ಗಟ್ಟಿಯಾದ ಪಾಚಿ ಕೆರೆದರು. ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಹಾಕುವುದು, ನಾಲಿಗೆ ಹಿಂದಿನಿಂದ ಮುಂದಕ್ಕೆ ಕೆರೆಯುವುದು, ಓದುವಾಗ ಪಕ್ಕದಲ್ಲಿ ನೀರಿಟ್ಟುಕೊಳ್ಳುವುದು, ಎಲ್ಲವನ್ನೂ ಶಾಲೆಯ ಹುಡುಗಿಗೆ ಕಲಿಸಿದ ಹಾಗೆ ಕಲಿಸಿದರು. ಊರ ಹೆಂಗಸರಿಗೆಲ್ಲ ಶುಚಿಯ ಬಗ್ಗೆ ಬೋಧಿಸಿದವಳು ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುವುದನ್ನು ಕಲಿತಳು. ಗಲ್ಲ ಬಾತುಕೊಂಡ ದಿನಗಳಲ್ಲಿ ಹೋಷಿಮ್ ತಾನೇ ಗಂಜಿ ಬೇಯಿಸಿ ತಂದಿಡುತ್ತಿದ್ದ.

"ಹೇಗಿದೆ ಈಗ?" ಎಂದು ಅವಳು ಕೇಳಿದರೆ, "ಏನೂ ಇಲ್ಲ, ಚೆನ್ನಾಗಿದೆ," ಎನ್ನುತ್ತಿದ್ದ. ಮೊದಲೂ ಅವನು ಹಾಗೇ ಅನ್ನುತ್ತಿದ್ದ. ಆ ಮಾತನ್ನು ಅವಳು ಇನ್ನು ಯಾವ ಲೆಕ್ಕಕ್ಕೂ ಇಡಲಿಲ್ಲ.

ದ್ರಾಕ್ಷಿ ಗೊಂಚಲು ಬಣ್ಣ ತಿರುಗುವ ಹೊತ್ತಿಗೆ ಶುಹ್ರತ್‌ಗೆ ಹೇಳಿದಳು. "ನಾಳೆ ರಿಶ್ತಾನ್‌ಗೆ ಹೋಗೋಣ."

"ನಾನೊಬ್ಬನೇ ಹೋಗಿ ಕರ್ಕೊಂಡು ಬರ್ತೀನಿ ಅಮ್ಮ. ನೀವು ಯಾಕೆ ಅಲ್ಲಿ..."

"ನೀನು ಹೋದ್ರೆ ಏನಂತ ಕರೀತೀಯ? 'ಅಮ್ಮ ಕ್ಷಮಿಸಿದ್ದಾರೆ, ಬಾ' ಅಂತೀಯ. ನಿನ್ನ ನಾನೇ ಹೆತ್ತಿದ್ದು."

ಮತ್ತೆ ಅದೇ ಕೋಣೆ. ಬೀಗಿತ್ತಿ ಗೌರವದ ಜಾಗ ತೋರಿಸಿದರೂ ಇನೋಬತ್ ಬಾಗಿಲ ಬಳಿಯೇ ಕೂತಳು. ಬಾಯಿಗೆ ಅಡ್ಡ ಹಿಡಿದಿದ್ದ ಬಟ್ಟೆ ತೆಗೆದಳು. ಮುಂದಿನ ಎರಡು ಹಲ್ಲಿನ ಜಾಗ ಇನ್ನೂ ಖಾಲಿಯಿತ್ತು, ಮಾತು ಸೀಟಿ ಹೊಡೆಯುತ್ತಿತ್ತು.

"ಬೀಗರೇ, ಅವತ್ತು ಇಲ್ಲಿ ಕೂತು ದೊಡ್ಡ ಬುದ್ಧಿ ಹೇಳಿದೆ. ನಿಮ್ಮ ಮಗಳು ಯಾವ ತಪ್ಪೂ ಮಾಡಿಲ್ಲ. ನನ್ನ ಬಾಯಿ ನಾರ್ತಿತ್ತು. ಅವಳು ಮುಖ ತಿರುಗಿಸಿದ್ಲು. ಯಾರಾದ್ರೂ ತಿರುಗಿಸ್ತಾರೆ. ಅದನ್ನ ನಾನು ಅಹಂಕಾರ ಅಂದೆ." ಅವಳ ಕತ್ತೆಲ್ಲ ಬೆವೆತಿತ್ತು. "ನನ್ನ ಮಾನ ಉಳಿಸೋಕೆ ಅವಳು ನಿಮ್ಮ ಮುಂದೆ ಕೆಟ್ಟವಳಾದ್ಲು."

ಬೀಗರು "ಬೇಡ, ಬೇಡ, ಸಾಕು," ಎಂದರು, ಅವಳ ಮುಖ ನೋಡಲಾಗದೆ. ಮೂಲೆಯ ಮುದುಕಿ, "ಡಾಕ್ಟರಿಗೆ ತೋರಿಸಿದ್ಲಂತಾ?" ಎಂದು ಕೇಳಿದಳು.

"ಹೇಳೋ," ಎಂದಳು ಇನೋಬತ್ ಮಗನಿಗೆ.

ಶುಹ್ರತ್ ಟೋಪಿ ಕೈಯಲ್ಲಿ ತಿರುವುತ್ತ, "ನಂಗೂ ಗೊತ್ತಿತ್ತು. ಹೇಳೋಕೆ ಧೈರ್ಯ ಆಗಲಿಲ್ಲ. ಅವಳನ್ನ ಕಳಿಸಿಬಿಟ್ಟೆ. ತಪ್ಪಾಯ್ತು," ಎಂದ.

ಅಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದ ಶಹಸನಮ್ ಮಾತಾಡಿದಳು.

"ವಾಸನೆ ನಾನು ತಡ್ಕೊಂಡಿದ್ದೆ ಅತ್ತೆಮ್ಮ. ಇನ್ನೂ ತಡ್ಕೋತಿದ್ದೆ. 'ಅಪ್ಪನ ಮನೇಲಿ ಬುದ್ಧಿ ಕಲ್ತು ಬಾ' ಅಂತ ಇವರು ಅಂದಾಗ ನೀವು ಸುಮ್ಮನಿದ್ರಿ, ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ. ಇಲ್ಲಿಗೆ ಬಂದು ಅಮ್ಮನ್ನೂ ಅಳಿಸಿದ್ರಿ." ಗಂಡನ ಕಡೆ ತಿರುಗಿದಳು. "ನಿಮಗೆ ನಾನು ಈಗ ಏನೂ ಹೇಳಲ್ಲ. ಹೇಳೋದು ಬಹಳ ಇದೆ, ಮನೇಲಿ ಹೇಳ್ತೀನಿ."

ಇನೋಬತ್ ತಲೆ ತಗ್ಗಿಸಿ ಕೇಳಿಸಿಕೊಂಡಳು. ಸೊಸೆಯ ಬಾಯಿಂದ ಇಷ್ಟು ಮಾತು ಅವಳು ಎಂದೂ ಕೇಳಿರಲಿಲ್ಲ.

ಬಟ್ಟೆಗಳ ಗಂಟು ಕಾರಿಗೆ ಹೋಯಿತು. ಶಹಸನಮ್ ಗಂಡನ ಪಕ್ಕ ಕೂರದೆ, ಮಗಳನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ, ಅತ್ತೆಯ ಪಕ್ಕ ಕೂತಳು. ಊರು ದಾಟುವ ಹೊತ್ತಿಗೆ ಮಗು ನಿದ್ದೆ ಹೋಯಿತು.

"ಒಂದು ಕೇಳ್ತೀನಿ," ಎಂದಳು ಇನೋಬತ್. ಬಟ್ಟೆ ಹಿಡಿದ ಕೈ ತಾನಾಗಿ ಬಾಯಿಗೆ ಹೋಗಿತ್ತು. ಅದನ್ನು ಕಷ್ಟಪಟ್ಟು ಕೆಳಗಿಳಿಸಿದಳು. "ಮನೆ ಗಂಡಸರನ್ನ ಕೇಳಿದ್ರೆ ಚೆನ್ನಾಗಿದೆ ಅಂತಾರೆ. ನೀನು ಹೇಳು. ಇನ್ನೂ ಇದೆಯಾ?"

ಮುಂದಿನ ಸೀಟಿನಲ್ಲಿ ಶುಹ್ರತ್‌ನ ಕಿವಿ ಕೆಂಪಾಯಿತು.

ಶಹಸನಮ್ ಅತ್ತೆಯ ಕಡೆಗೆ ಪೂರ್ತಿ ತಿರುಗಿ, ಮುಖ ಹತ್ತಿರ ತಂದು, ಉಸಿರೆಳೆದುಕೊಂಡಳು.

"ಸ್ವಲ್ಪ ಇದೆ ಅತ್ತೆಮ್ಮ," ಎಂದಳು.

ಇನೋಬತ್‌ಳ ಮುಖ ಕಾದ ಹೆಂಚಿನಂತಾಯಿತು. ಕಿಟಕಿಯ ಕಡೆ ತಿರುಗಿ, ಹತ್ತಿ ಹೊಲಗಳು ಮುಗಿಯುವವರೆಗೆ ಹೊರಗೆ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಅಂದಳು:

"ಮತ್ತೆ ಮುಂದಿನ ವಾರ ಕೇಳ್ತೀನಿ. ಆಗಲೂ ಹೀಗೇ ಹೇಳು."

"ಹೇಳ್ತೀನಿ," ಎಂದಳು ಶಹಸನಮ್.